ತಲೆಗೆ ಪೆಟ್ಟು, ಕೋರ್ಟಿನಲ್ಲಿ ಶೇಕಡಾ ಲೆಕ್ಕ: ಮಿದುಳಿನ ಗಾಯಕ್ಕೆ ಪರಿಹಾರ ಹೇಗೆ ಸಿಗುತ್ತದೆ?

ಕಬ್ಬಿನ ಹಂಗಾಮು ಶುರುವಾದರೆ ಮುಧೋಳ, ಜಮಖಂಡಿ, ಅಥಣಿ, ಗೋಕಾಕ ಕಡೆ ಕತ್ತಲಾದ ಮೇಲೆ ಬೈಕ್ ಓಡಿಸುವವರಿಗೆ ಒಂದು ಹೆದರಿಕೆ ಇದ್ದೇ ಇರುತ್ತದೆ. ಹಿಂದೆ ಲೈಟಿಲ್ಲದ, ರೇಡಿಯಂ ಪಟ್ಟಿಯೂ ಇಲ್ಲದ ಟ್ರಾಲಿ ರಸ್ತೆಯಲ್ಲಿ ನಿಂತಿದ್ದರೆ ಹತ್ತಿರ ಹೋಗುವವರೆಗೂ ಕಾಣುವುದಿಲ್ಲ. ಇಂಥ ಅಪಘಾತದಲ್ಲಿ ಕಾಲು ಮುರಿದರೆ ಎಕ್ಸ್‌ರೇ ತೋರಿಸಬಹುದು. ತಲೆಗೆ ಪೆಟ್ಟಾದರೆ ಹಾಗಲ್ಲ. ಹೊಲಿಗೆ ಮಾಯುತ್ತದೆ, ಕೂದಲು ಬೆಳೆಯುತ್ತದೆ, ಮನುಷ್ಯ ಎದ್ದು ಓಡಾಡುತ್ತಾನೆ. ನೆಂಟರು ಬಂದು "ದೇವರು ದೊಡ್ಡವ, ಪಾರಾದ" ಎಂದು ಹೇಳಿ ಹೋಗುತ್ತಾರೆ. ಮನೆಯೊಳಗಿನ ಮಾತು ಬೇರೆ ಇರುತ್ತದೆ: "ನೋಡಾಕ ಚಲೋನೇ ಅದಾರ್ರಿ, ಆದ್ರ ಮೊದಲಿನ ಮನಷ್ಯಾ ಅಲ್ರಿ."

ಪರಿಹಾರದ ಕೇಸಿನ ಕಷ್ಟವೆಲ್ಲ ಈ ಮಾತಿನಲ್ಲೇ ಇದೆ. ಹೆಂಡತಿಗೆ ಕಾಣುವುದು ಜಡ್ಜ್ ಸಾಹೇಬರಿಗೂ ಕಾಣಬೇಕು. ಅವರ ಮುಂದೆ ಇರುವುದು ಫೈಲ್ ಮಾತ್ರ. ಫೈಲಿನಲ್ಲಿ ಬರದ ಗಾಯಕ್ಕೆ ದುಡ್ಡು ಬರುವುದಿಲ್ಲ. ಹಾಗಾಗಿ ಕಾನೂನಿನ ಜೊತೆಗೆ ಕಾಗದದ ಬಗ್ಗೆಯೂ ಇಲ್ಲಿ ಜಾಸ್ತಿ ಹೇಳಬೇಕಾಗಿದೆ.

ಕೇಸು ಒಂದಲ್ಲ, ಎರಡು

ಮೊದಲು ಒಂದು ಗೊಂದಲ ಬಿಡಿಸೋಣ. "ಪೊಲೀಸ್ ಕೇಸ್ ಆಗೇದಲ್ಲ, ಪರಿಹಾರ ತಾನೇ ಬರತೈತಿ" ಎಂದು ಸುಮ್ನೆ ಕೂತವರು ಬಹಳ ಜನ. ಪೊಲೀಸ್ ಕೇಸು ಚಾಲಕನಿಗೆ ಶಿಕ್ಷೆ ಕೊಡಿಸುವುದಕ್ಕೆ. ಅದು ಜೆಎಂಎಫ್‌ಸಿ (ಮ್ಯಾಜಿಸ್ಟ್ರೇಟ್) ಕೋರ್ಟಿನಲ್ಲಿ ನಡೆಯುತ್ತದೆ, ಅಲ್ಲಿ ಸರ್ಕಾರವೇ ಫಿರ್ಯಾದಿ. ಪರಿಹಾರ ಕೇಳುವುದು ಬೇರೆ ಅರ್ಜಿ. 1988ರ ಮೋಟಾರು ವಾಹನ ಕಾಯ್ದೆಯ 166ನೇ ಕಲಮಿನ ಕೆಳಗೆ ಅದನ್ನು ಮೋಟಾರು ಅಪಘಾತ ಪರಿಹಾರ ಟ್ರಿಬ್ಯೂನಲ್‌ಗೆ ಹಾಕಬೇಕು. ವಕೀಲರ ಬಾಯಲ್ಲಿ ಇದು ಎಂವಿಸಿ ಕೇಸು. ಟ್ರಿಬ್ಯೂನಲ್ ಎಂದರೆ ಬೇರೆ ಕಟ್ಟಡವೇನೂ ಅಲ್ಲ. ಜಿಲ್ಲಾ ನ್ಯಾಯಾಧೀಶರು, ಹಿರಿಯ ಸಿವಿಲ್ ನ್ಯಾಯಾಧೀಶರೇ ಈ ಕೇಸುಗಳನ್ನೂ ನಡೆಸುತ್ತಾರೆ.

ಎರಡು ಕೇಸುಗಳಲ್ಲಿ ಸಾಕ್ಷ್ಯದ ಅಳತೆಯೂ ಬೇರೆ. ಶಿಕ್ಷೆ ಕೊಡಲು ಅನುಮಾನಕ್ಕೆ ಜಾಗವಿಲ್ಲದಂತೆ ಸಾಬೀತಾಗಬೇಕು. ಪರಿಹಾರಕ್ಕೆ "ಹೀಗಾಗಿರುವ ಸಾಧ್ಯತೆಯೇ ಹೆಚ್ಚು" ಎಂದು ತೋರಿಸಿದರೆ ಸಾಕು. ಚಾಲಕ ಆ ಕಡೆ ಖುಲಾಸೆಯಾದ ಎಂದ ಮಾತ್ರಕ್ಕೆ ಈ ಕಡೆ ಪರಿಹಾರದ ಕೇಸು ಬಿದ್ದು ಹೋಗುವುದಿಲ್ಲ.

ಅರ್ಜಿಗೆ ಅವಧಿ ಇದೆ. 2019ರ ತಿದ್ದುಪಡಿ 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ಮೇಲೆ, ಅಪಘಾತವಾದ 6 ತಿಂಗಳೊಳಗೆ ಅರ್ಜಿ ಹಾಕಬೇಕು ಎಂದಾಗಿದೆ. ಈ ನಿಯಮ ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನೆಗೆ ಒಳಗಾಗಿದೆ. ಬರೀ ತಡವಾಯಿತೆಂದು ಅರ್ಜಿಗಳನ್ನು ವಜಾ ಮಾಡಬೇಡಿ ಎಂದು 2025ರ ನವೆಂಬರ್‌ನಲ್ಲಿ ಅದು ಮಧ್ಯಂತರ ಆದೇಶವನ್ನೂ ಕೊಟ್ಟಿತು. ಆದರೆ ಮಧ್ಯಂತರ ಆದೇಶ ನಂಬಿಕೊಂಡು ಕೂರುವುದು ಬೇಡ. 6 ತಿಂಗಳೇ ಗಡುವು ಎಂದು ಹಿಡಿದು ನಡೆಯಿರಿ. ಪೊಲೀಸರೂ ಅಪಘಾತದ ವರದಿಯನ್ನು 3 ತಿಂಗಳೊಳಗೆ ಟ್ರಿಬ್ಯೂನಲ್‌ಗೆ ಕಳಿಸಬೇಕು ಎಂಬ ನಿಯಮ ಈಗ ಇದೆ, ಅದನ್ನೇ ಅರ್ಜಿಯಾಗಿ ತೆಗೆದುಕೊಳ್ಳಲು ಅವಕಾಶವೂ ಇದೆ. ಅದು ಹೋಗಿದೆಯಾ ಎಂದು ಠಾಣೆಯಲ್ಲಿ ಕೇಳಿ ನೋಡಿ.

ಎಲ್ಲಿ ಹಾಕುವುದು? ಈ ಭಾಗದವರಿಗೆ ಇದು ಮುಖ್ಯ. ನಮ್ಮಲ್ಲಿ ಅಪಘಾತ ಸಾಂಗ್ಲಿ ರಸ್ತೆಯಲ್ಲಾಗುತ್ತದೆ, ಚಿಕಿತ್ಸೆ ಮೀರಜ್‌ನಲ್ಲೋ ಸೊಲ್ಲಾಪುರದಲ್ಲೋ ನಡೆಯುತ್ತದೆ, ಮನೆ ಇರುವುದು ತೇರದಾಳದಲ್ಲೋ ಇಂಡಿಯಲ್ಲೋ. ಕೇಸಿಗಾಗಿ ಮಹಾರಾಷ್ಟ್ರಕ್ಕೆ ಓಡಾಡಬೇಕಾಗಿಲ್ಲ. ಅಪಘಾತವಾದ ಜಾಗ, ಅರ್ಜಿದಾರ ಇರುವ ಊರು, ಎದುರು ಪಕ್ಷದವರು ಇರುವ ಊರು, ಈ ಮೂರರಲ್ಲಿ ಯಾವ ಕಡೆಯ ಟ್ರಿಬ್ಯೂನಲ್ ಆದರೂ ನಡೆಯುತ್ತದೆ. ಮರಾಠಿಯಲ್ಲಿರುವ ಎಫ್‌ಐಆರ್, ಪಂಚನಾಮೆಗೆ ಅನುವಾದ ಮಾಡಿಸಬೇಕಾಗುತ್ತದೆ, ಅಷ್ಟೇ.

ಮೊದಲ ದಿನ ಬರೆದ ಒಂದು ಸಾಲು

ಆಸ್ಪತ್ರೆಗೆ ಕರೆದುಕೊಂಡು ಹೋದವರು ಗಾಬರಿಯಲ್ಲಿ "ಬೈಕ್ ಮೇಲಿಂದ ಬಿದ್ದಾನ್ರಿ" ಎನ್ನುತ್ತಾರೆ. ಪೊಲೀಸ್ ತಾಪತ್ರಯ ಬೇಡ ಎಂದು ಬೇಕಂತಲೇ ಹಾಗೆ ಹೇಳುವವರೂ ಇದ್ದಾರೆ. ಡ್ಯೂಟಿ ಡಾಕ್ಟರು ಅದನ್ನೇ ಬರೆದುಕೊಳ್ಳುತ್ತಾರೆ. ವರ್ಷದ ಮೇಲೆ ವಿಮೆ ಕಂಪನಿಯ ವಕೀಲರು ಅದೇ ಸಾಲನ್ನು ಎತ್ತಿ ಹಿಡಿಯುತ್ತಾರೆ: "ಇದು ತಾನೇ ಬಿದ್ದ ಕೇಸು, ನಮ್ಮ ಗಾಡಿ ಬಡಿದೇ ಇಲ್ಲ." ಬಡಿದ ವಾಹನ ಯಾವುದು, ನಂಬರ್ ಏನು ಎಂಬುದು ಎಂಎಲ್‌ಸಿ ದಾಖಲೆಯಲ್ಲಿ (ಪೊಲೀಸ್ ಕೇಸಾಗುವ ಗಾಯಕ್ಕೆ ಆಸ್ಪತ್ರೆಯವರು ಬರೆದಿಡುವ ದಾಖಲೆ) ಮೊದಲ ದಿನವೇ ಬಂದರೆ ಅರ್ಧ ಜಗಳ ಮುಗಿದ ಹಾಗೆ.

ದೂರು ಕೊಡುವುದು ನಾಲ್ಕಾರು ದಿನ ತಡವಾದರೆ ಹೆದರಬೇಕಾಗಿಲ್ಲ. ಮನೆಯವರು ಐಸಿಯು ಮುಂದೆ ನಿಂತಿದ್ದರು ಎನ್ನುವುದು ಒಪ್ಪುವ ಕಾರಣವೇ, ಸುಪ್ರೀಂ ಕೋರ್ಟೂ ಹಾಗೇ ಹೇಳಿದೆ. ತಡವಾಯಿತೆಂದು ದೂರನ್ನೇ ಕೊಡದೆ ಬಿಡಬೇಡಿ. ಆಮೇಲೆ ಠಾಣೆಯಿಂದ ಎಫ್‌ಐಆರ್, ಸ್ಥಳ ಪಂಚನಾಮೆ, ನಕಾಶೆ, ವಾಹನ ತಪಾಸಣೆ ವರದಿ, ಗಾಯದ ಪ್ರಮಾಣಪತ್ರ, ಚಾರ್ಜ್‌ಶೀಟ್ ಎಲ್ಲದರ ನಕಲು ತೆಗೆದುಕೊಳ್ಳಿ. ನಿಂತ ಟ್ರಾಲಿಗೆ ಹಿಂದಿನಿಂದ ಬಡಿದ ಕೇಸಿದ್ದರೆ ನಕಾಶೆಯನ್ನು ಕಣ್ಣಿಟ್ಟು ನೋಡಿ. ಟ್ರಾಲಿ ಡಾಂಬರಿನ ಮೇಲಿತ್ತೇ, ಪಕ್ಕಕ್ಕಿತ್ತೇ, ಹಿಂದಿನ ದೀಪ ಇತ್ತೇ ಎಂಬುದರ ಮೇಲೆ ತಪ್ಪಿನ ಪಾಲು ನಿಂತಿರುತ್ತದೆ. ಬೈಕ್ ಸವಾರನ ತಪ್ಪು ಶೇ 25 ಎಂದಾದರೆ ಬರುವ ಪರಿಹಾರದಲ್ಲಿ ಶೇ 25 ಹೋಗುತ್ತದೆ.

ಹೆಲ್ಮೆಟ್ ಇರಲಿಲ್ಲವೇ? ತಲೆಗೇ ಪೆಟ್ಟಾಗಿರುವಾಗ ಇದನ್ನು ಎತ್ತದ ವಕೀಲರಿಲ್ಲ. ಸ್ವಲ್ಪ ಕಡಿತವಾಗಬಹುದು, ಆದರೆ ಕೇಸೇ ಮುಳುಗುವುದಿಲ್ಲ. ಒಂದೇ ಬೈಕಿನಲ್ಲಿ ಮೂವರು ಕೂತಿದ್ದರು ಎಂಬುದೂ ಅಷ್ಟೇ. ಮೂವರಿದ್ದದ್ದರಿಂದಲೇ ಅಪಘಾತವಾಯಿತು, ಇಲ್ಲವೇ ಪೆಟ್ಟು ಜಾಸ್ತಿಯಾಯಿತು ಎಂದು ತೋರಿಸದೆ ಅದನ್ನು ತಪ್ಪಿನ ಪಾಲಾಗಿ ಎಣಿಸುವಂತಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಸ್ಕ್ಯಾನಿಂಗ್‌ನಲ್ಲಿ ಕಾಣದ ಗಾಯ

ತಲೆಯ ಪೆಟ್ಟು ಎಷ್ಟು ಗಂಭೀರ ಎಂದು ಅಳೆಯಲು ಡಾಕ್ಟರುಗಳು ಮೊದಲು ನೋಡುವುದು ಜಿಸಿಎಸ್ ಅಂಕ. ಕಣ್ಣು ತೆರೆಯುತ್ತಾನಾ, ಮಾತಾಡುತ್ತಾನಾ, ಹೇಳಿದಂತೆ ಕೈಕಾಲು ಆಡಿಸುತ್ತಾನಾ ಎಂದು ನೋಡಿ 3ರಿಂದ 15ರವರೆಗೆ ಅಂಕ ಹಾಕುತ್ತಾರೆ. 13ರಿಂದ 15 ಬಂದರೆ ಸಣ್ಣ ಪೆಟ್ಟು, 9ರಿಂದ 12 ಮಧ್ಯಮ, 8 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ತೀವ್ರ. ಡಿಸ್ಚಾರ್ಜ್ ಕಾರ್ಡಿನಲ್ಲಿ ಈ ಅಂಕ ಬರೆದಿರುತ್ತಾರೆ. ಬರೆದಿಲ್ಲದಿದ್ದರೆ ಪೂರ್ತಿ ಕೇಸ್ ಶೀಟ್ ಕೇಳಿ ಪಡೆಯಿರಿ.

ಸಿಟಿ ಸ್ಕ್ಯಾನ್ ರಕ್ತ ಹೆಪ್ಪುಗಟ್ಟಿದ್ದನ್ನು, ಬುರುಡೆ ಒಡೆದಿದ್ದನ್ನು ಚೆನ್ನಾಗಿ ತೋರಿಸುತ್ತದೆ. ಆದರೆ ತಲೆ ಜೋರಾಗಿ ತಿರುಚಿದಾಗ ಮಿದುಳಿನೊಳಗಿನ ನರದ ಎಳೆಗಳು ಅಲ್ಲಲ್ಲಿ ಹರಿಯುತ್ತವೆ. ಅದು ಸಿಟಿಯಲ್ಲಿ ಕಾಣದೇ ಹೋಗಬಹುದು. ಎಂಆರ್‌ಐನಲ್ಲಿ ಕಾಣುವ ಸಾಧ್ಯತೆ ಜಾಸ್ತಿ. "ಸಿಟಿ ನಾರ್ಮಲ್" ಎಂದರೆ "ಮಿದುಳು ನಾರ್ಮಲ್" ಎಂದಲ್ಲ.

ಪೆಟ್ಟು ಮಿದುಳಿನ ಮುಂಭಾಗಕ್ಕೆ ಬಿದ್ದಿದ್ದರೆ ಕೈಕಾಲು ಗಟ್ಟಿಯಾಗೇ ಇರುತ್ತವೆ, ಸ್ವಭಾವ ಬದಲಾಗುತ್ತದೆ. ಸುಮ್ಮನಿದ್ದವರು ಸಣ್ಣದಕ್ಕೆಲ್ಲ ಸಿಡುಕುತ್ತಾರೆ. ದುಡ್ಡಿನ ಲೆಕ್ಕ ಹತ್ತುವುದಿಲ್ಲ. ಯಾವುದನ್ನು ಎಲ್ಲಿ ಹೇಳಬೇಕು, ಎಲ್ಲಿ ಹೇಳಬಾರದು ಎಂಬ ಅಳುಕು ಹೋಗುತ್ತದೆ. ಪಕ್ಕದ ಭಾಗಕ್ಕೆ ಬಿದ್ದರೆ ನೆನಪು ಜಾರುತ್ತದೆ. ವಾಸನೆ ಗೊತ್ತಾಗದಿರುವುದೂ ಉಂಟು, ಒಲೆಯ ಮೇಲೆ ಸಾರು ಸೀದರೂ, ಗ್ಯಾಸ್ ಸೋರಿದರೂ ತಿಳಿಯುವುದಿಲ್ಲ. ಫಿಟ್ಸ್ ಅಂತೂ ತಿಂಗಳುಗಳ ನಂತರ, ಕೆಲವರಿಗೆ ವರ್ಷಗಳ ನಂತರ ಶುರುವಾಗಬಹುದು.

ಇವು ಯಾವುವೂ ಗಾಯದ ಪ್ರಮಾಣಪತ್ರದಲ್ಲಿ ಇರುವುದಿಲ್ಲ. ಅದಕ್ಕೇ ಮರುತಪಾಸಣೆಗೆ ಹೋದಾಗ ಮನೆಯವರು ಬಾಯಿ ಬಿಟ್ಟು ಹೇಳಬೇಕು, ಡಾಕ್ಟರ ಚೀಟಿಯಲ್ಲಿ ಅದು ಬರಬೇಕು. "ಎರಡು ಸಲ ಮನೆ ದಾರಿ ತಪ್ಪಿದ್ದಾರೆ", "ಮಗನ ಮೇಲೆ ಕೈ ಮಾಡಿದರು", "ಅದೇ ಪ್ರಶ್ನೆ ಹತ್ತು ಸಲ ಕೇಳುತ್ತಾರೆ". ನಮ್ಮವರು ಇದನ್ನು ಹೇಳಲು ನಾಚುತ್ತಾರೆ. ಬುದ್ಧಿ ಕೆಟ್ಟಿದೆ ಎಂದು ಊರಿಗೆ ಗೊತ್ತಾದರೆ ಮಕ್ಕಳ ಮದುವೆಗೆ ತೊಡಕು ಎಂಬ ಚಿಂತೆ. ಆ ನಾಚಿಕೆ ಕೇಸಿನಲ್ಲಿ ಲಕ್ಷಗಟ್ಟಲೆ ನಷ್ಟ ಮಾಡುತ್ತದೆ.

ನೆನಪು, ಗಮನ, ಯೋಚಿಸುವ ಶಕ್ತಿಯನ್ನು ಅಳೆಯುವ ಪರೀಕ್ಷೆಗಳಿವೆ. ಅವನ್ನು ಮಾಡುವವರು ಕ್ಲಿನಿಕಲ್ ಸೈಕಾಲಜಿಸ್ಟ್‌ಗಳು. ಈ ಭಾಗಕ್ಕೆ ಹತ್ತಿರದ ದೊಡ್ಡ ಸರ್ಕಾರಿ ಸಂಸ್ಥೆ ಧಾರವಾಡದ ಡಿಮ್ಹಾನ್ಸ್. ತೊಡಕಿನ ಕೇಸುಗಳಿಗೆ ಬೆಂಗಳೂರಿನ ನಿಮ್ಹಾನ್ಸ್. ಒಂದು ದಿನ ಖರ್ಚಾಗಬಹುದು, ಆದರೆ "ಸಿಡುಕುತ್ತಾರೆ, ಮರೆಯುತ್ತಾರೆ" ಎಂಬ ಹೆಂಡತಿಯ ಮಾತಿಗೆ ಬೆನ್ನೆಲುಬು ಕೊಡುವುದು ಈ ವರದಿಯೇ.

ಶೇಕಡಾ ಎಷ್ಟು? ಕೇಸಿನ ಜೀವ ಇಲ್ಲಿದೆ

ಡಾಕ್ಟರು ಅಂಗವೈಕಲ್ಯ ಶೇ 30 ಎಂದು ಬರೆದರು ಅಂತಿಟ್ಟುಕೊಳ್ಳಿ. ದುಡಿಮೆ ಕೂಡ ಶೇ 30 ಮಾತ್ರ ಹೋಯಿತು ಎಂದಾಗುತ್ತದೆಯೇ? ಇಲ್ಲ. 2010ರಲ್ಲಿ ರಾಜ್‌ಕುಮಾರ್ ವಿರುದ್ಧ ಅಜಯ್ ಕುಮಾರ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿತು. ದೇಹದ ಊನ ಬೇರೆ, ಆ ಊನದಿಂದ ಆ ಮನುಷ್ಯನ ಗಳಿಕೆಗೆ ಬಿದ್ದ ಹೊಡೆತ ಬೇರೆ. ಕೈ ಕಳೆದುಕೊಂಡ ಡ್ರೈವರ್ ಇಲ್ಲವೇ ಬಡಿಗ ಕಸುಬನ್ನೇ ಕಳೆದುಕೊಳ್ಳುತ್ತಾನೆ, ಸರ್ಕಾರಿ ಗುಮಾಸ್ತ ಅದೇ ನೌಕರಿಯಲ್ಲಿ ಮುಂದುವರಿಯಬಹುದು ಎಂಬ ಉದಾಹರಣೆಯನ್ನು ಕೋರ್ಟೇ ಕೊಟ್ಟಿತು. ಮಿದುಳಿನ ಗಾಯದಲ್ಲಿ ಈ ಅಂತರ ಇನ್ನೂ ದೊಡ್ಡದು.

ಲೆಕ್ಕ ಹಾಕಿ ನೋಡೋಣ. ಇಳಕಲ್ಲಿನ 28 ವರ್ಷದ ನೇಕಾರ ಎಂದು ಊಹಿಸಿಕೊಳ್ಳಿ. ತಿಂಗಳ ಗಳಿಕೆ 15,000 ರೂಪಾಯಿ ಎಂದು ಕೋರ್ಟ್ ಒಪ್ಪಿತು. 2017ರ ಪ್ರಣಯ್ ಸೇಠಿ ತೀರ್ಪಿನ ಪ್ರಕಾರ ಸ್ವಂತ ದುಡಿಮೆಯ, 40ರ ಒಳಗಿನವರಿಗೆ ಮುಂದೆ ಹೆಚ್ಚಬಹುದಾದ ಗಳಿಕೆಗಾಗಿ ಶೇ 40 ಸೇರಿಸಬೇಕು. ಅದು ಸಾವಿನ ಕೇಸು. ಗಾಯದ ಕೇಸಿಗೂ ಇದೇ ನಡೆಯಬೇಕು ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟ ಮಾಡಿದೆ. ಅಲ್ಲಿಗೆ ತಿಂಗಳಿಗೆ 21,000, ವರ್ಷಕ್ಕೆ 2,52,000. ಇದನ್ನು ವಯಸ್ಸಿಗೆ ತಕ್ಕ ಅಂಕಿಯಿಂದ ಗುಣಿಸುತ್ತಾರೆ, 2009ರ ಸರಳಾ ವರ್ಮಾ ತೀರ್ಪು ಕೊಟ್ಟ ಪಟ್ಟಿ ಅದು. 26ರಿಂದ 30 ವಯಸ್ಸಿಗೆ 17. ಒಟ್ಟು 42,84,000 ರೂಪಾಯಿ.

ಇದು ದುಡಿಮೆ ಪೂರ್ತಿ ಹೋಯಿತು ಎಂದಾದರೆ. ಕೋರ್ಟ್ ಶೇ 30 ಎಂದು ಹಿಡಿದರೆ ಸಿಗುವುದು 12,85,200. ಅದೇ ಮನುಷ್ಯ, ಅದೇ ಗಾಯ, ವ್ಯತ್ಯಾಸ ಸುಮಾರು 30 ಲಕ್ಷ!

ಈ 30 ಲಕ್ಷವನ್ನು ತೀರ್ಮಾನಿಸುವುದು ಏನು? ಮಗ್ಗದ ಮುಂದೆ ಕೂತು ಎಳೆ ಎಣಿಸಲು, ವಿನ್ಯಾಸ ನೆನಪಿಡಲು, ಗಂಟೆಗಟ್ಟಲೆ ಗಮನ ಹಿಡಿಯಲು ಅವನಿಗೆ ಆಗುತ್ತದೋ ಇಲ್ಲವೋ ಎಂಬ ಸಾಕ್ಷ್ಯ. ಡಾಕ್ಟರು ಬಂದು ಶೇಕಡಾ ಹೇಳಿ ಹೋದರೆ ಸಾಲದು. ಅವರಿಂದಲೇ "ಈ ಸ್ಥಿತಿಯಲ್ಲಿ ಆ ಕೆಲಸ ಮಾಡಲಾಗದು" ಎಂದು ಹೇಳಿಸಬೇಕು. ಪಕ್ಕದ ಮಗ್ಗದವನು, ನೂಲು ಕೊಡುತ್ತಿದ್ದ ಮಾಲೀಕ ಸಾಕ್ಷಿಗೆ ಬಂದು ಮೊದಲು ಎಷ್ಟು ಸೀರೆ ಇಳಿಸುತ್ತಿದ್ದ, ಈಗೇನಾಗಿದೆ ಎಂದರೆ ಇನ್ನೂ ಗಟ್ಟಿ. ನನ್ನ ಅಭಿಪ್ರಾಯ ಕೇಳಿದರೆ, ಇಂಥ ಕೇಸುಗಳಲ್ಲಿ ವಕೀಲರ ಯೋಗ್ಯತೆ ಗೊತ್ತಾಗುವುದು ವಾದದಲ್ಲಿ ಅಲ್ಲ, ಯಾರನ್ನು ಸಾಕ್ಷಿ ಕಟ್ಟೆಗೆ ಹತ್ತಿಸಿದರು ಎಂಬುದರಲ್ಲಿ.

ಪಗಾರದ ಚೀಟಿ ಇಲ್ಲ ಎಂದು ಚಿಂತೆ ಬೇಡ. ಕೂಲಿಕಾರರಿಗೆ, ಹೊಲದಲ್ಲಿ ದುಡಿಯುವವರಿಗೆ, ಮನೆಗೆಲಸ ನೋಡುವ ಹೆಣ್ಣುಮಕ್ಕಳಿಗೆ ಕೋರ್ಟ್ ಅಂದಾಜು ಗಳಿಕೆ ಹಿಡಿಯುತ್ತದೆ. ಲೋಕ ಅದಾಲತ್‌ಗಾಗಿ ಕಾನೂನು ಸೇವಾ ಪ್ರಾಧಿಕಾರ ವರ್ಷವಾರು ಮಾಡಿಟ್ಟ ಪಟ್ಟಿಯನ್ನು ನಮ್ಮ ಹೈಕೋರ್ಟೂ ಆಧಾರವಾಗಿ ಬಳಸುತ್ತದೆ. ಅದಕ್ಕಿಂತ ಜಾಸ್ತಿ ಗಳಿಕೆ ಇತ್ತು ಎನ್ನುವವರು ಬ್ಯಾಂಕ್ ಪಾಸ್‌ಬುಕ್, ಹಾಲಿನ ಡೈರಿ ಚೀಟಿ, ಕಬ್ಬಿನ ಬಿಲ್ ಏನಿದ್ದರೂ ತರಬೇಕು.

ನೋಡಿಕೊಳ್ಳುವವರ ಲೆಕ್ಕ

ಚಿಕಿತ್ಸೆಯ ಬಿಲ್, ನೋವಿಗೆ, ಬದುಕಿನ ಸುಖ ಹೋದದ್ದಕ್ಕೆ, ಪೋಷಕ ಆಹಾರಕ್ಕೆ, ಓಡಾಟಕ್ಕೆ ಎಲ್ಲ ಬೇರೆ ಬೇರೆ ತಲೆಬರಹದಲ್ಲಿ ದುಡ್ಡು ಸಿಗುತ್ತದೆ. ಅವು ಎಲ್ಲರಿಗೂ ಗೊತ್ತಿರುವುದೇ. ಮರೆತು ಹೋಗುವುದು ನೋಡಿಕೊಳ್ಳುವವರ ಖರ್ಚು.

2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಮುಂದೆ ಒಬ್ಬ ಹುಡುಗಿಯ ಕೇಸು ಬಂತು. 2007ರಲ್ಲಿ, 12ನೇ ವಯಸ್ಸಿನಲ್ಲಿ ಅಪ್ಪ ಅಮ್ಮನ ಜೊತೆ ಟ್ರಾಕ್ಟರ್‌ನಲ್ಲಿ ಹೋಗುತ್ತಿದ್ದಾಗ ಲಾರಿ ಬಡಿದಿತ್ತು. ಮಿದುಳಿಗೆ ಆದ ಗಾಯದಿಂದ ಅವಳ ಬುದ್ಧಿ 9 ತಿಂಗಳ ಕೂಸಿನಷ್ಟು ಉಳಿದಿತ್ತು. ಹಗಲು ರಾತ್ರಿ ನೋಡಿಕೊಳ್ಳಲು ಇಬ್ಬರು ಬೇಕು, ಒಬ್ಬರಿಗೆ ತಿಂಗಳಿಗೆ 5,000 ಎಂದು ಹಿಡಿದು, ಅದನ್ನೂ ಗಳಿಕೆಯಂತೆಯೇ 18ರಿಂದ ಗುಣಿಸಿ, ಆ ಒಂದೇ ತಲೆಬರಹಕ್ಕೆ 21,60,000 ಕೊಟ್ಟಿತು. ಎಲ್ಲ ಸೇರಿ ಪರಿಹಾರ 62,27,000 ಆಯಿತು. ಇದಕ್ಕೂ ಮೊದಲು ಎಷ್ಟೋ ಕಡೆ ಅಟೆಂಡರ್ ಖರ್ಚು ಎಂದು ಒಂದಿಷ್ಟು ಗುಂಡುಮೊತ್ತ ಕೊಟ್ಟು ಮುಗಿಸುತ್ತಿದ್ದರು.

ಮನೆಯಲ್ಲಿ ತಾಯಿಯೋ ಹೆಂಡತಿಯೋ ನೋಡಿಕೊಳ್ಳುತ್ತಿದ್ದಾರೆ, ಸಂಬಳದ ಆಳಿಲ್ಲ, ಹಾಗಾಗಿ ಕೇಳುವಂತಿಲ್ಲ ಎಂದುಕೊಳ್ಳಬೇಡಿ. ಅವರ ದುಡಿಮೆಗೂ ಬೆಲೆ ಇದೆ. ಹೆಂಡತಿ ಹೊಲದ ಕೂಲಿ ಬಿಟ್ಟು ಮನೆಯಲ್ಲಿ ಕೂತಿದ್ದರೆ ಅದನ್ನು ಸಾಕ್ಷ್ಯದಲ್ಲಿ ಹೇಳಲೇಬೇಕು.

ದುಡ್ಡು ಕೊಡುವವರು ಯಾರು?

ಬಡಿದ ಗಾಡಿಗೆ ವಿಮೆ ಇದ್ದರೆ ಕಂಪನಿ. ಸರ್ಕಾರಿ ಬಸ್ ಬಡಿದರೆ ಸಾರಿಗೆ ಸಂಸ್ಥೆಯೇ ಪಾರ್ಟಿ. ಬೆಳಗಾವಿ, ಬಾಗಲಕೋಟೆಯ ಬಸ್ಸುಗಳು ವಾಯವ್ಯ ಸಂಸ್ಥೆಯವು, ವಿಜಯಪುರದವು ಕಲ್ಯಾಣ ಕರ್ನಾಟಕ ಸಂಸ್ಥೆಯವು. ಚಾಲಕನಿಗೆ ಲೈಸೆನ್ಸ್ ಇರಲಿಲ್ಲ ಎಂಬಂಥ ಕೇಸಿನಲ್ಲಿ ಕಂಪನಿ ಮೊದಲು ಗಾಯಾಳುವಿಗೆ ಕೊಟ್ಟು ಆಮೇಲೆ ಮಾಲೀಕನಿಂದ ವಸೂಲಿ ಮಾಡಿಕೊಳ್ಳಲಿ ಎಂದು ಕೋರ್ಟ್ ಹೇಳಬಹುದು.

ಟ್ರಾಲಿಯಲ್ಲಿ ಕೂತು ಹೋಗುತ್ತಿದ್ದವರ ಕಥೆ ಕಷ್ಟದ್ದು. ಸರಕಿನ ಗಾಡಿಯಲ್ಲಿ ಸುಮ್ನೆ ಹತ್ತಿದ ಪ್ರಯಾಣಿಕರಿಗೆ ಆ ಗಾಡಿಯ ವಿಮೆ ಹತ್ತುವುದಿಲ್ಲ. ಟ್ರಾಕ್ಟರ್‌ನಲ್ಲಿ ಚಾಲಕನಿಗೆ ಬಿಟ್ಟರೆ ಬೇರೆ ಸೀಟೇ ಇಲ್ಲ ಎಂಬುದು ಕಂಪನಿಯ ಸಿದ್ಧ ಉತ್ತರ. ಜಾತ್ರೆಗೆ, ಮದುವೆಗೆ ಟ್ರಾಲಿ ತುಂಬ ಜನ ಹೋಗುವ ನಮ್ಮ ಕಡೆ ಈ ಉತ್ತರ ಎಷ್ಟೋ ಮನೆಗಳನ್ನು ಬರಿಗೈಯಲ್ಲಿ ಕಳಿಸಿದೆ. ಆದರೆ ಬೇರೆ ಲಾರಿ ಬಂದು ಟ್ರಾಲಿಗೆ ಬಡಿದಿದ್ದರೆ ಲಾರಿಯ ಕಂಪನಿ ಕೊಡಲೇಬೇಕು, ಮೇಲಿನ ಹುಡುಗಿಯ ಕೇಸಿನಂತೆ. ಕೆಲಸದ ಮೇಲಿದ್ದಾಗಲೇ ಅಪಘಾತವಾದರೆ ಕಾರ್ಮಿಕರ ಪರಿಹಾರದ ಕಾನೂನಿನ ದಾರಿಯೂ ಇದೆ. ಎರಡರಲ್ಲಿ ಒಂದನ್ನೇ ಹಿಡಿಯಬೇಕು.

ತಾನೇ ಸ್ಕಿಡ್ ಆಗಿ ಬಿದ್ದ ಮಾಲೀಕನಿಗೆ ಮೂರನೆಯವರ (ಥರ್ಡ್ ಪಾರ್ಟಿ) ವಿಮೆಯಿಂದ ಏನೂ ಬರುವುದಿಲ್ಲ. ಪಾಲಿಸಿಯಲ್ಲಿ 15 ಲಕ್ಷದ ವೈಯಕ್ತಿಕ ಅಪಘಾತ ರಕ್ಷಣೆ ಇದೆಯಾ ನೋಡಿ. ಗುದ್ದಿ ಓಡಿಹೋದ ಗಾಡಿ ಪತ್ತೆಯೇ ಆಗದಿದ್ದರೆ ಸರ್ಕಾರದ ಯೋಜನೆಯಲ್ಲಿ ತೀವ್ರ ಗಾಯಕ್ಕೆ ಸಿಗುವುದು 50,000 ಮಾತ್ರ. ಮಿದುಳಿನ ಗಾಯಕ್ಕೆ ಅದು ಯಾವ ಮೂಲೆಗೂ ಸಾಲದು. ಇನ್ನು, 2025ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ತಂದ ಯೋಜನೆಯಲ್ಲಿ ರಸ್ತೆ ಅಪಘಾತದ ಗಾಯಾಳುವಿಗೆ ಮೊದಲ 7 ದಿನ 1.5 ಲಕ್ಷದವರೆಗೆ ನಗದಿಲ್ಲದ ಚಿಕಿತ್ಸೆ ಇದೆ. ಆಸ್ಪತ್ರೆಗೆ ಸೇರಿಸುವಾಗಲೇ ಕೇಳಿ.

ಅವಸರದ ರಾಜಿ

ಗಾಯಾಳುವಿಗೆ ಸ್ವಂತ ಬುದ್ಧಿಯಿಂದ ಕೇಸು ನಡೆಸಲು ಆಗದಿದ್ದರೆ ಮನೆಯವರೊಬ್ಬರು ಅವರ ಪರವಾಗಿ ಅರ್ಜಿ ಹಾಕಬಹುದು. ವಕೀಲರು ಇವರನ್ನು ನೆಕ್ಸ್ಟ್ ಫ್ರೆಂಡ್ ಎನ್ನುತ್ತಾರೆ. ವಿಚಿತ್ರ ಏನೆಂದರೆ, ಮರೆವಿನ ಕೇಸಿನಲ್ಲಿ ಗಾಯಾಳುವೇ ಕಟ್ಟೆ ಹತ್ತಿ ಅಪಘಾತದ ವಿವರವನ್ನೆಲ್ಲ ಗಡಗಡ ಒಪ್ಪಿಸಿದರೆ ಪಾಟಿಸವಾಲಿಗೆ ಅದಕ್ಕಿಂತ ಒಳ್ಳೆಯ ಸರಕು ಬೇರೆ ಬೇಡ.

ಒಮ್ಮೆ ಅಂತಿಮ ತೀರ್ಪಾದ ಮೇಲೆ "ಈಗ ಫಿಟ್ಸ್ ಶುರುವಾಗಿದೆ, ಇನ್ನಷ್ಟು ಕೊಡಿ" ಎಂದು ಮತ್ತೆ ಬರಲು ಕಾನೂನಿನಲ್ಲಿ ದಾರಿಯಿಲ್ಲ. ಮುಂದಿನ ಚಿಕಿತ್ಸೆಯನ್ನು ಈಗಲೇ ಕೇಳಬೇಕು. ಬುರುಡೆಯ ತುಂಡು ತೆಗೆದಿಟ್ಟಿದ್ದರೆ ಅದನ್ನು ಕೂರಿಸುವ ಆಪರೇಷನ್, ವರ್ಷಗಟ್ಟಲೆ ನುಂಗುವ ಫಿಟ್ಸ್ ಮಾತ್ರೆ, ಫಿಸಿಯೋಥೆರಪಿ ಎಲ್ಲದಕ್ಕೂ ಡಾಕ್ಟರ ಅಂದಾಜು ಪತ್ರ ಹಚ್ಚಿ. ಅರ್ಜಿಯಲ್ಲಿ ಕಡಿಮೆ ಕೇಳಿದ್ದೀರಿ ಎಂದು ಕೋರ್ಟ್ ಕಡಿಮೆ ಕೊಡಬೇಕಾಗಿಲ್ಲ. ನ್ಯಾಯವೆನಿಸಿದರೆ ಕೇಳಿದ್ದಕ್ಕಿಂತ ಜಾಸ್ತಿಯೂ ಕೊಡಬಹುದು ಎಂದು 2002ರಿಂದಲೂ ಸುಪ್ರೀಂ ಕೋರ್ಟ್ ಹೇಳುತ್ತಾ ಬಂದಿದೆ.

ಲೋಕ ಅದಾಲತ್ ಕಾಲು ಮುರಿದ ಕೇಸಿಗೆ ಚೆನ್ನ. ಬೇಗ ಮುಗಿಯುತ್ತದೆ, ಓಡಾಟ ತಪ್ಪುತ್ತದೆ. ಮಿದುಳಿನ ಗಾಯದಲ್ಲಿ ನಾನಾದರೆ ಅವಸರ ಮಾಡುವುದಿಲ್ಲ. ಸುಧಾರಣೆ ಎಲ್ಲಿಗೆ ಬಂದು ನಿಲ್ಲುತ್ತದೆ ಎಂದು ತಿಳಿಯುವ ಮೊದಲೇ ಸಹಿ ಹಾಕಿದರೆ, ಆ ರಾಜಿಯ ಮೇಲೆ ಅಪೀಲೂ ಇಲ್ಲ. ಅರ್ಜಿಯನ್ನು ಬೇಗ ಹಾಕಿ, ಸಾಕ್ಷ್ಯವನ್ನು ಪೂರ್ತಿ ಕೂಡಿಸಿಕೊಂಡು ಮುಗಿಸಿ. ವಕೀಲರ ಫೀಜಿಗೆ ದುಡ್ಡಿಲ್ಲದಿದ್ದರೆ ಕೋರ್ಟ್ ಆವರಣದಲ್ಲೇ ಇರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಹೆಣ್ಣುಮಕ್ಕಳಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಅಂಗವಿಕಲರಿಗೆ ಆದಾಯ ನೋಡದೆ ಉಚಿತ ವಕೀಲರನ್ನು ಕೊಡುತ್ತಾರೆ.

ತೀರ್ಪು ಬಂದು, ಮೊತ್ತ ಕಡಿಮೆ ಎನಿಸಿದರೆ 90 ದಿನದೊಳಗೆ ಹೈಕೋರ್ಟಿಗೆ ಹೋಗಬಹುದು. ಬೆಳಗಾವಿ, ಬಾಗಲಕೋಟೆಯವರಿಗೆ ಧಾರವಾಡ ಪೀಠ, ವಿಜಯಪುರದವರಿಗೆ ಕಲಬುರಗಿ ಪೀಠ. ದುಡ್ಡು ಬಂದಾಗ ಪೂರ್ತಿ ಕೈಗೆ ಸಿಗುವುದಿಲ್ಲ, ಒಂದು ಪಾಲನ್ನು ಗಾಯಾಳುವಿನ ಹೆಸರಲ್ಲಿ ಬ್ಯಾಂಕಿನಲ್ಲಿ ಎಫ್‌ಡಿ ಇಡಿಸುತ್ತಾರೆ. ಅವಧಿಗೆ ಮೊದಲೇ ಆಪರೇಷನ್‌ಗೆ ದುಡ್ಡು ಬೇಕಾದರೆ ಆಸ್ಪತ್ರೆಯ ಎಸ್ಟಿಮೇಟ್ ಹಚ್ಚಿ ಅದೇ ಟ್ರಿಬ್ಯೂನಲ್‌ಗೆ ಅರ್ಜಿ ಕೊಡಬೇಕು. ಕೋರ್ಟಿನ ಆದೇಶ ತೋರಿಸದೆ ಬ್ಯಾಂಕಿನವರು ಅದನ್ನು ಮುರಿದು ಕೊಡುವುದಿಲ್ಲ.